ಪೆಂಗ್ವಿನ್ ಸಿಂದಗಿಗೆ ಬಂದದ್ದು

ಖಂಡೇಪೂಜೆಗೆ ನಮ್ಮ ಅಂಗಡಿಯಲ್ಲಿ ಕೂಡುವ ಆಯುಧಗಳು ಅಷ್ಟಕ್ಕಷ್ಟೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಲ್ಯಾಮಿನೇಶನ್ ಮಾಡುವ ಯಂತ್ರ, ಕಾಗದ ಕತ್ತರಿಸುವ ಚೂರಿ. ಈ ಸಲ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿನ ಡಬ್ಬಿಗೂ ಒಂದು ಹೂವು ಏರಿಸೋಣವೆಂದು ಕೆಳಗಿಳಿಸಿ, ಒರೆಸಲು ಅದರ ಮಗ್ಗುಲಿನ ತಗಡು ಬಿಚ್ಚಿದೆ. ಧೂಳು, ಸುಟ್ಟ ವೈರು, ವರ್ಷಗಟ್ಟಲೆ ಅದರ ಮುಂದೆ ಹಚ್ಚಿದ ಊದಿನಕಡ್ಡಿ, ಮೂರೂ ಕೂಡಿದ ಒಂದು ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಒಂದು ಪೆಂಗ್ವಿನ್ ನೆನಪಾಯಿತು. ನಗಬೇಡಿ, ಹೇಳುತ್ತೇನೆ.

ಸಿಂದಗಿಯ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲೇ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಅಂಗಡಿ ಉದ್ಘಾಟನೆಯ ಕರೆಯೋಲೆ, ಹೀಗೆ ಊರಿನ ಸುಖದುಃಖಗಳೆಲ್ಲ ನನ್ನ ಬೆರಳ ಕೆಳಗೆ ಹಾದುಹೋಗಿವೆ. ಮಧ್ಯಾಹ್ನದ ಹೊತ್ತು ಗಿರಾಕಿ ಇರುವುದಿಲ್ಲ. ಆ ಹೊತ್ತು ಕಳೆಯಲೆಂದು ಕೆಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ಒಂದು ಗುಂಪು ಸೇರಿದೆ. ಕಂಪ್ಯೂಟರಿನಲ್ಲಿ ಕನ್ನಡ ಬಳಸುವವರ ಗುಂಪು ಅದು. ಪರಸ್ಪರ ಸಹಾಯಕ್ಕೆಂದು ಕಟ್ಟಿದ್ದರಂತೆ. ನಾನು ಸೇರುವ ಹೊತ್ತಿಗೆ ಸಹಾಯ ಹಿಂದೆ ಬಿದ್ದು ಜಗಳ ಮುಂದೆ ಬಂದಿತ್ತು. ಯಾರಾದರೂ ಬೆಳಿಗ್ಗೆ, ‘ಹೊಸ ಕಂಪ್ಯೂಟರ್ ತರಬೇಕು, ವಿಂಡೋಸ್ ಹಾಕಿಸಲೋ ಲಿನಕ್ಸ್ ಹಾಕಿಸಲೋ?’ ಎಂದು ಪಾಪ ಕೇಳಿರುತ್ತಿದ್ದರು. ಸಂಜೆಯಷ್ಟರಲ್ಲಿ ಕೇಳಿದವರು ಗುಂಪು ಬಿಟ್ಟು ಹೋಗಿರುತ್ತಿದ್ದರು. ನಾವು ಮಾತ್ರ ಇನ್ನೂ ಕಾದಾಡುತ್ತಿದ್ದೆವು.

ನಾನು ವಿಂಡೋಸ್ ಪಕ್ಷ. ಅದರ ಮೇಲೆ ಮೋಹವೇನೂ ಇರಲಿಲ್ಲ. ನಾನು ಕಲಿತ ಹಳೆಯ ಪುಟವಿನ್ಯಾಸದ ತಂತ್ರಾಂಶ, ನನ್ನ ಚೆಂದದ ಅಕ್ಷರಗಳು ಅದರಲ್ಲಷ್ಟೇ ಓಡುತ್ತಿದ್ದವು. ಆದರೆ ವಾದಕ್ಕಿಳಿದ ಮೇಲೆ ಅಷ್ಟಕ್ಕೇ ಯಾರು ನಿಲ್ಲುತ್ತಾರೆ? ಒಂದು ಕೈಯಲ್ಲಿ ರೊಟ್ಟಿ ಮಗುಚುತ್ತ ಇನ್ನೊಂದು ಕೈಯಲ್ಲಿ ಉತ್ತರ ಬರೆಯುತ್ತಿದ್ದೆ. ರೊಟ್ಟಿ ಹತ್ತಿದ ವಾಸನೆಗೆ ಒಳಗಿನಿಂದ ಬಂದ ನಮ್ಮ ಯಜಮಾನರು ಒಮ್ಮೆ ಕೇಳಿದರು:

“ಆ ಕಂಪನಿಯವರು ನಿನಗ ಪಗಾರ ಕೊಡ್ತಾರೇನು? ಇಷ್ಟು ವಕಾಲತ್ತು ನಡಸಾಕತ್ತೀಯಲ್ಲ.”

ಎದುರು ಪಕ್ಷದ ದಂಡನಾಯಕನ ಹೆಸರು ‘ಮುಳವಾಡದ ಪೆಂಗ್ವಿನ್’. ಲಿನಕ್ಸಿನ ಗುರುತು ಪೆಂಗ್ವಿನ್ ಎಂಬುದು ನಿಮಗೆ ಗೊತ್ತಿರಬಹುದು. ಬೇಸಿಗೆಯಲ್ಲಿ ಕಾಗೆಯೂ ನೆರಳು ಹುಡುಕುವ ಮುಳವಾಡದಲ್ಲಿ ಈ ಹಿಮದ ಹಕ್ಕಿ ಹೇಗೆ ಬದುಕಿದೆಯೋ ಎಂದು ನಾನು ಬರೆದಿದ್ದೆ. ಗುಂಪಿನಲ್ಲಿ ನನ್ನ ಹೆಸರು ‘ಸಿಂದಗಿ ಡಿಟಿಪಿ’ ಎಂದಷ್ಟೇ ಇದ್ದುದರಿಂದ ಎಲ್ಲರೂ ನನ್ನನ್ನು ‘ಸರ’ ಎನ್ನುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಸರ ಆಗಿದ್ದಷ್ಟು ಹೊತ್ತು ನನ್ನ ಮಾತಿಗೆ ತೂಕ ಹೆಚ್ಚಿತ್ತು. ಅದನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ.

ಪೆಂಗ್ವಿನ್ನನ ಹಟವೆಲ್ಲ ಯೂನಿಕೋಡ್ ಬಗ್ಗೆ. ನಮ್ಮ ಹಳೆಯ ಕನ್ನಡ ಅಕ್ಷರಗಳಿದ್ದವಲ್ಲ, ಅವು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ಅಂಗಿ ತೊಡಿಸಿದಂಥವು. ಅಂಗಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಗೀಟುಗಳು. ಯೂನಿಕೋಡ್ ಹಾಗಲ್ಲ, ಎಲ್ಲಿ ತೆರೆದರೂ ಕನ್ನಡವೇ. ಒಂದು ಮಧ್ಯಾಹ್ನ ಅವನು ಬರೆದ: “ಸರ, ನಿಮ್ಮ ಕನ್ನಡ ಆ ಡಬ್ಬಿ ಒಳಗ ಹುಟ್ಟಿ ಆ ಡಬ್ಬಿ ಒಳಗ ಸಾಯ್ತೈತಿ.” ಮಾತು ಚುಚ್ಚಿತು. ನಾನು ಕೂಡಲೇ ಬರೆದೆ: “ದುಡಿದು ತಿನ್ನೋರಿಗೆ ದಿನಾ ಇಷ್ಟು ಬರಿಯಾಕ ಪುರಸತ್ತು ಎಲ್ಲಿ ಸಿಗತೈತ್ರಿ? ನಿಮಗ ಕೆಲಸಾ ಇದ್ದಂಗಿಲ್ಲ.” ಹತ್ತಾರು ಜನ ನಗುವ ಮುಖ ಹಾಕಿದರು. ಪೆಂಗ್ವಿನ್ ಒಂದು ತಿಂಗಳು ಗುಂಪಿನಲ್ಲಿ ಕಾಣಲೇ ಇಲ್ಲ. ನಾನು ಗೆದ್ದೆನೆಂದುಕೊಂಡೆ.

ಇನ್ನು ಕಾಂಬಳೆ ಮಾಸ್ತರರ ವಿಷಯಕ್ಕೆ ಬರಬೇಕು. ಇಂಗಳೇಶ್ವರದವರು, ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಎರಡು ಬಸ್ಸು ಬದಲಿಸಿ, ಬಟ್ಟೆಯ ಚೀಲದಲ್ಲಿ ನೋಟುಪುಸ್ತಕಗಳನ್ನು ಹೊತ್ತು ನನ್ನ ಅಂಗಡಿಗೆ ಬಂದಿದ್ದರು. ಅವುಗಳ ತುಂಬ ನಮ್ಮ ಕಡೆಯ ಮಾತುಗಳು. ಹೊಲದವು, ಎತ್ತಿನವು, ಒಲೆಯ ಮುಂದಿನವು. ಪ್ರತಿ ಪದಕ್ಕೂ ಅರ್ಥ, ಒಂದು ವಾಕ್ಯ, ಅದನ್ನು ಹೇಳಿದ ಮುದುಕಿಯದೋ ಮುದುಕನದೋ ಹೆಸರು. ಯಾಕೆ ಇಷ್ಟು ಕಷ್ಟಪಟ್ಟಿರಿ ಎಂದು ಕೇಳಿದ್ದಕ್ಕೆ, “ನಮ್ಮವ್ವ ಆಡಿದ ಮಾತು ಯಾ ಪುಸ್ತಕದಾಗೂ ಸಿಗಲಿಲ್ಲ ತಂಗಿ” ಎಂದಿದ್ದರು. ಎರಡು ವರ್ಷ, ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಕೂತು ನಾನು ಅದನ್ನು ಟೈಪು ಮಾಡಿದ್ದೆ. ಅಷ್ಟರಲ್ಲಿ ಮಾಸ್ತರರ ಕಣ್ಣು ಮಂಜಾಗುತ್ತ ಬಂದಿತ್ತು. ಮಳೆಗಾಲದಲ್ಲಿ ಅವರ ಮನೆ ಸೋರಿ ನೋಟುಪುಸ್ತಕಗಳಲ್ಲಿ ಮುಕ್ಕಾಲು ಪಾಲು ಅಂಟಿಕೊಂಡು ಮುದ್ದೆಯಾಗಿದ್ದವು. “ಹೋಗ್ಲಿ ಬಿಡು, ನಿನ್ನ ಕಡೆ ಅದಾವಲ್ಲ” ಎಂದು ಅವರೇ ನನ್ನನ್ನು ಸಮಾಧಾನ ಮಾಡಿದ್ದರು.

ಪುಟ ಜೋಡಿಸುವ ಕೆಲಸವಷ್ಟೇ ಉಳಿದಿತ್ತು. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರು ಏಳಲಿಲ್ಲ. ಇಂಡಿ ಪಟ್ಟಣದಲ್ಲಿರುವ ನನ್ನ ತಮ್ಮ ಹೊಸದೊಂದನ್ನು ತಂದುಕೊಟ್ಟ. ಪೆನ್ ಡ್ರೈವಿನಲ್ಲಿ ಮಾಸ್ತರರ ಕಡತದ ಪ್ರತಿ ಇದ್ದುದರಿಂದ ನಾನು ಅಷ್ಟೇನೂ ಹೆದರಿರಲಿಲ್ಲ. ಆದರೆ ನನ್ನ ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಓಡಲೇ ಇಲ್ಲ. ಅದನ್ನು ಮಾಡಿದ ಸಣ್ಣ ಕಂಪನಿ ಎಂದೋ ಬಾಗಿಲು ಹಾಕಿತ್ತು. ಬೇರೆ ರೀತಿ ತೆರೆದು ನೋಡಿದೆ. ಪರದೆಯ ತುಂಬ ಗೀಟು, ಚುಕ್ಕಿ, ಕೊಂಬು. ಮಾಸ್ತರರ ಅವ್ವನ ಮಾತು ಅದರಲ್ಲಿ ಎಲ್ಲಿತ್ತೋ! ಪೆಂಗ್ವಿನ್ ಹೇಳಿದ್ದ ಡಬ್ಬಿಯ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ನಾಲ್ಕು ದಿನ ಮರ್ಯಾದೆಗೆ ಅಂಜಿ ಸುಮ್ಮನಿದ್ದೆ. ಐದನೆಯ ದಿನ ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ನಿರೀಕ್ಷಿಸಿದಂತೆ ಕೆಲವರು ಕಾಲೆಳೆದರು. ಪೆಂಗ್ವಿನ್ ಮಾತ್ರ ನನಗೊಬ್ಬಳಿಗೇ ಕಾಣುವಂತೆ ಒಂದು ಸಾಲು ಬರೆದಿದ್ದ: “ಸರ, ಹಳೇ ಡಬ್ಬಿ ಒಗೀಬ್ಯಾಡ್ರಿ. ಐತವಾರ ಬರ್ತೇನಿ.”

ಭಾನುವಾರ ಹನ್ನೊಂದರ ಸುಮಾರಿಗೆ ಮೂವತ್ತೈದರ ಆಸುಪಾಸಿನ, ಬಿಸಿಲಿಗೆ ಕಪ್ಪಿಟ್ಟ ಮುಖದ ಒಬ್ಬ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತ.

“ಸರ ಇಲ್ಲೇನ್ರಿ?”

“ಯಾವ ಸರ?”

“ಈ ಅಂಗಡಿ ಸರ್ರಿ. ನಾ ಮುಳವಾಡದಿಂದ ಬಂದೇನಿ. ಸಂಗಮೇಶ ಅಂತ.”

“ಆ ಸರ ನಾನ ರೀ” ಎಂದೆ.

ಅವನು ಬೋರ್ಡು ನೋಡಿದ, ನನ್ನನ್ನು ನೋಡಿದ, ಮತ್ತೆ ಬೋರ್ಡು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ನೆಲ ನೋಡುತ್ತ, “ನಾ ನಿಮಗ ಏನೇನೋ ಅಂದೇನಲ್ರಿ ಅಕ್ಕಾರ” ಎಂದ. ನಾನೂ ಕಡಿಮೆಯೇನೂ ಅಂದಿಲ್ಲ ಎಂದು ಹೇಳಿ ಚಹಾ ತರಿಸಿದೆ. ಎರಡು ವರ್ಷ ಕಾದಾಡಿದವರು ಎದುರುಬದುರು ಕೂತು ಸಾಸರು ನೋಡುತ್ತ ಚಹಾ ಕುಡಿದೆವು.

ಪೆನ್ ಡ್ರೈವಿನಲ್ಲಿಲ್ಲದ ಆ ಅಕ್ಷರಗಳ ಅಂಗಿ ಇದ್ದದ್ದು ಹಳೆಯ ಡಬ್ಬಿಯಲ್ಲಿ. ಅದರಿಂದ ಹಾರ್ಡ್ ಡಿಸ್ಕ್ ತೆಗೆದು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಒಂದೊಂದೇ ಕಡತದಿಂದ ಅಕ್ಷರ ಹೆಕ್ಕುತ್ತ ಅವನು ತನ್ನ ವಿಷಯ ಹೇಳಿದ. ಕೆಲಸ ನೀರೆತ್ತುವ ಪಂಪ್‌ಹೌಸಿನಲ್ಲಿ. ಮೋಟಾರು ಓಡುವಷ್ಟು ಹೊತ್ತು ಪಕ್ಕದಲ್ಲಿ ಕೂತಿರಬೇಕು, ಆ ಹೊತ್ತಿನಲ್ಲೇ ಓದಿ ಓದಿ ಇದನ್ನೆಲ್ಲ ಕಲಿತದ್ದು. “ನಡುವ ಗುತ್ತಿಗಿ ಮುಗದು ಕೆಲಸಾ ಬಿಡಿಸಿದ್ರು. ಹೊಸಾ ಗುತ್ತಿಗಿ ಆಗೂತನಾ ಮನ್ಯಾಗ ಕುಂತಿದ್ನಿ. ನೀವು ಕೆಲಸಾ ಇಲ್ಲೇನು ಅಂತ ಬರದ್ರಲ್ಲ, ಆವಾಗ ಖರೇನ ಇದ್ದಿಲ್ರಿ. ಮನ್ಯಾಗೂ ಅದ ಮಾತು, ಅಲ್ಲೂ ಅದ ಮಾತು.”

ಅವನು ದೂರುವ ದನಿಯಲ್ಲಿ ಹೇಳಲಿಲ್ಲ, ಪರದೆಯಿಂದ ಕಣ್ಣನ್ನೂ ತೆಗೆಯಲಿಲ್ಲ. ನನಗೆ ನಗುವ ಮುಖಗಳನ್ನು ಎಣಿಸುತ್ತ ಕೂತಿದ್ದ ಆ ಮಧ್ಯಾಹ್ನ ನೆನಪಾಗಿ, “ತಪ್ಪಾತಪ್ಪಾ” ಎಂದೆ. “ಬಿಡ್ರಿ, ಈಗ ಕೆಲಸಾ ಐತಲ್ಲ” ಎಂದ.

ಸಂಜೆಯ ಹೊತ್ತಿಗೆ ಗೀಟುಗಳ ನಡುವಿನಿಂದ ಕನ್ನಡ ಎದ್ದು ಬಂತು. ಅಲ್ಲಲ್ಲಿ ಒತ್ತುಗಳು ಜಾರಿದ್ದವು, ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಹಾರಿದ್ದವು. “ಅದಕ್ಕೂ ಔಷಧ ಐತ್ರಿ” ಎಂದು ಸಂಗಮೇಶ ತಾನೇ ಬರೆದ ತಿದ್ದುವ ತಂತ್ರಾಂಶವನ್ನು ಓಡಿಸಿದ. ಎಲ್ಲವೂ ಸಾಫಾಯಿತು. ನಾನು ಪ್ರಿಂಟು ತೆಗೆದೆ. ಓದಿ ನೋಡಬೇಕು ಎಂಬುದು ಹೊಳೆಯಲೇ ಇಲ್ಲ, ಅಷ್ಟು ಸಂತೋಷವಾಗಿತ್ತು.

ಮುಂದಿನ ಭಾನುವಾರ ಬಸವನ ಬಾಗೇವಾಡಿಯ ಬಸ್ ನಿಲ್ದಾಣಕ್ಕೆ ಸಂಗಮೇಶ ಬೈಕು ತಂದಿದ್ದ. ಇಬ್ಬರೂ ಇಂಗಳೇಶ್ವರಕ್ಕೆ ಹೋದೆವು. ಮಾಸ್ತರರು ಕಟ್ಟೆಯ ಮೇಲೆ ಗೋಡೆಗೊರಗಿ, ಕಣ್ಣು ಮುಚ್ಚಿ, “ಓದು ತಂಗಿ” ಎಂದರು. ನಾನು ಕೈಗೆ ಬಂದ ಹಾಳೆ ತೆಗೆದು ಓದಿದೆ:

“ಹಗೆ. ಹಿಂದಕ್ಕೆ ಊರ ನಡುವೆ ಹಗೆ ತೆಗೆದು ಅದರೊಳಗೆ ಜೋಳ ತುಂಬಿ ಮುಚ್ಚುತ್ತಿದ್ದರು.”

ಮಾಸ್ತರರು ಕಣ್ಣು ತೆರೆದರು. “ಇನ್ನೊಮ್ಮಿ ಓದು.”

ಓದಿದೆ. ಓದುತ್ತಿರುವಂತೆಯೇ ನನಗೂ ತಿಳಿಯಿತು. ಅದು ದ್ವೇಷದ ಹಗೆಯಲ್ಲ, ಹಗೇವು. ನೆಲದಲ್ಲಿ ತೋಡಿ ಕಾಳು ಕೂಡಿಡುವ ಕುಣಿ. ಸಂಗಮೇಶನ ತಂತ್ರಾಂಶಕ್ಕೆ ಆ ಪದ ಗೊತ್ತಿರಲಿಲ್ಲ. ಗೊತ್ತಿದ್ದ ಪದಕ್ಕೆ ತಿದ್ದಿಬಿಟ್ಟಿತ್ತು. ಗಡಬಡಿಸಿ ಬೇರೆ ಹಾಳೆ ತಿರುವಿದೆ. ಕಪ್ಪು ಮಣ್ಣಿನ ಎರಿ ಹೊಲವೆಲ್ಲ ಏರಿ ಹೊಲವಾಗಿತ್ತು. ಕೂರಿಗಿ ಕೂರಿಗೆಯಾಗಿತ್ತು, ಬಣವಿ ಬಣವೆಯಾಗಿತ್ತು, ಸಾಲಿ ಶಾಲೆಯಾಗಿತ್ತು. ಮಾಸ್ತರರು ಬದುಕೆಲ್ಲ ಹೆಕ್ಕಿ ತಂದದ್ದನ್ನು ನಾವು ಒಂದು ಸಂಜೆಯಲ್ಲಿ ಪಠ್ಯಪುಸ್ತಕ ಮಾಡಿದ್ದೆವು.

ನಾನು ಮಾಸ್ತರರ ಬೈಗುಳಕ್ಕೆ ಕಾದೆ. ಅವರು ಮೊದಲು ನಕ್ಕರು. ಆಮೇಲೆ ಸಂಗಮೇಶನ ಕಡೆ ತಿರುಗಿ ಹೇಳಿದರು:

“ನಿನ್ನ ಯಂತ್ರ ನನ್ನಂಗ ಸಾಲಿ ಕಲ್ತೈತಿ ತಮ್ಮಾ. ಹುಡುಗರು ‘ಮನಿಗಿ ಹೊಕ್ಕೇನ್ರಿ’ ಅಂದ್ರ, ‘ಮನೆಗೆ ಹೋಗುತ್ತೇನೆ ಅನ್ನು’ ಅಂತ ನಾನೂ ತಿದ್ದೇನಿ. ಒಂದು ಹುಡುಗಿ ಇತ್ತು. ನಾ ತಿದ್ದಿ ತಿದ್ದಿ ಅದು ಮಾತಾಡೂದ ಬಿಟ್ತು. ಅವ್ವನ ಮಾತು ಆಮ್ಯಾಗ, ಮೊದಲು ಅದರ ಸಲುವಾಗೇ ಈ ಪದಾ ಕೂಡಿಸಾಕ ಹತ್ತಿದ್ನಿ ನಾ.”

ಮಾಸ್ತರರ ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು.

ಸಂಗಮೇಶ ಚಹಾ ಮುಟ್ಟದೆ ಲ್ಯಾಪ್‌ಟಾಪು ತೆಗೆದ. ತಿದ್ದುವುದಕ್ಕೆ ಮುಂಚಿನ ಪ್ರತಿಯನ್ನು ಅವನು ಅಳಿಸಿರಲಿಲ್ಲ. ಅದರಲ್ಲಿ ಒತ್ತುಗಳು ಜಾರಿದ್ದರೂ ಮಾತು ಮಾಸ್ತರರದೇ. “ಯಂತ್ರ ಬ್ಯಾಡ್ರಿ. ನೀವು ಹೇಳ್ರಿ, ಅಕ್ಕಾರು ಓದ್ಲಿ, ನಾ ತಿದ್ತೇನಿ” ಎಂದ. ಹಾಗೆ ಶುರುವಾದದ್ದು ಹದಿನಾಲ್ಕು ಭಾನುವಾರ ನಡೆಯಿತು. ನಾನು ಓದುತ್ತಿದ್ದೆ, ಮಾಸ್ತರರು “ಹೂಂ” ಎನ್ನುತ್ತಿದ್ದರು, ಇಲ್ಲವೇ ನಿಲ್ಲಿಸಿ ಆ ಪದ ಹೇಳಿದ ಮುದುಕಿಯ ಕಥೆ ಶುರುಮಾಡುತ್ತಿದ್ದರು. ನಡುವೆ ನಾನು ಮತ್ತು ಸಂಗಮೇಶ ಕೀಬೋರ್ಡಿನ ಯಾವುದೋ ಕೀಲಿಯ ಬಗ್ಗೆ, ಯಾವ ಅಕ್ಷರ ಚೆಂದ ಎಂಬುದರ ಬಗ್ಗೆ ಹತ್ತಿಕೊಳ್ಳುತ್ತಿದ್ದೆವು. ಮಾಸ್ತರರಿಗೆ ಅದು ಬಲು ಖುಷಿ. “ಜಗಳಾಡ್ರಿ, ಜಗಳಾಡ್ರಿ. ನನ್ನ ಪದಾ ಅಷ್ಟ ಮುಟ್ಟಬ್ಯಾಡ್ರಿ” ಎನ್ನುತ್ತಿದ್ದರು.

ಪುಸ್ತಕ ಬಂತು. ಯೂನಿಕೋಡಿನಲ್ಲೇ ಜೋಡಿಸಿದೆ, ಆದರೆ ನನ್ನ ವಿಂಡೋಸಿನಲ್ಲೇ. ಮೊದಲ ಪ್ರತಿಯನ್ನು ಮಾಸ್ತರರು ಕೈಯಲ್ಲಿ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, ಎಷ್ಟು ದಪ್ಪ ಇದೆಯೆಂದು ನೋಡಿದರು. ಆಮೇಲೆ ಸೊಸೆಯನ್ನು ಕರೆದು, ಅವ್ವನ ಹೆಸರಿರುವ ಪುಟ ಹುಡುಕಿಸಿ, ಅದನ್ನು ಮೂರು ಸಲ ಓದಿಸಿಕೊಂಡರು. ಸಂಗಮೇಶ ಆ ಪದಗಳನ್ನೆಲ್ಲ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿಟ್ಟ. ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದ ವಿಂಡೋಸಿಗೂ ಕೂಡುವಂತೆ ಮಾಡಿದ್ದ. ನಾನು ಗುಂಪಿನಲ್ಲಿ ನನ್ನ ಸ್ವಂತ ಹೆಸರು ಹಾಕಿಕೊಂಡೆ. ಮಾತಿನ ತೂಕ ಕೊಂಚ ಇಳಿಯಿತು ಎನ್ನುವುದು ಸುಳ್ಳಲ್ಲ. ಇಳಿದರೆ ಇಳಿಯಲಿ.

ಇಂದು ಬೆಳಿಗ್ಗೆ, ಡಬ್ಬಿಗೆ ಕುಂಕುಮ ಹಚ್ಚಿ ಕೈ ತೊಳೆದು ಮೊಬೈಲು ನೋಡಿದರೆ, ಗುಂಪಿಗೆ ಹೊಸದಾಗಿ ಸೇರಿದ ಝಳಕಿಯ ಒಬ್ಬರು ನನ್ನ ಹೆಸರು ಹಿಡಿದು ಬರೆದಿದ್ದರು. ಮೊಬೈಲೇ ಸಾಕಾಗಿರುವ ಕಾಲದಲ್ಲಿ ಈ ಅಕ್ಕನಂಥವರು ಹಳೆಯ ಕಂಪ್ಯೂಟರು ತಬ್ಬಿಕೊಂಡು ಕೂತು ಮಂದಿಗೂ ಅದನ್ನೇ ಹೇಳುತ್ತಾರೆ, ತಲೆ ಬಲಿತಿಲ್ಲ ಎಂದೆಲ್ಲ ಇತ್ತು. ಐದು ಸಾಲಿನ ಉತ್ತರ ಬರೆದೆ. ಚೆನ್ನಾಗಿತ್ತು, ಹರಿತವಾಗಿತ್ತು. ಕಳಿಸುವ ಮುಂಚೆ ಒಮ್ಮೆ ಓದಿದೆ. ಅಳಿಸಿ, ಅವರ ನಂಬರು ಹುಡುಕಿ ಫೋನು ಹಚ್ಚಿದೆ. ಆ ಕಡೆ ಹೆದ್ದಾರಿಯ ಲಾರಿಗಳ ಸದ್ದು.

“ಯಾರ್ರಿ?”

“ಗುಂಪಿನ್ಯಾಗ ಈಗ ಬೈದೀರಲ್ರಿ, ಅದು ನಾನ. ಸಿಂದಗಿಯಿಂದ ಮಾತಾಡಾಕತ್ತೇನಿ.”

ಆ ಕಡೆ ಒಂದು ಲಾರಿ ಹೋಯಿತು, ಇನ್ನೊಂದು ಹೋಯಿತು.

“ಊಟ ಆತೇನ್ರಿ?” ಎಂದೆ.

“ಇಲ್ರಿ ಅಕ್ಕಾರ” ಎಂದರು ತಡವರಿಸಿ, “ಪಂಕ್ಚರ್ ತೆಗಿಯೂದು ಎರಡು ಗಾಡಿ ಅದಾವ. ಮುಗಿಸಿ ಉಣ್ಣಬೇಕು.”

“ಮುಗಸ್ರಿ. ಉಂಡು ಫೋನ್ ಮಾಡ್ರಿ.”

ಮೂರು ಗಂಟೆಗೆ ಅವರೇ ಮಾಡಿದರು. ಅವರು ಬರೆದದ್ದರಲ್ಲಿ ಅರ್ಧ ನಿಜವಿತ್ತು, ಅದನ್ನು ಒಪ್ಪಿಕೊಂಡೆ. ಉಳಿದರ್ಧಕ್ಕೆ ಒಂದು ತಾಸು ಜಗಳಾಡಿದೆವು.