ಎಣ್ಣೆ ಮೇಸ್ತ್ರಿಯ ಮನೆಗೆ ನೀರಿನ ಬಣ್ಣ

ಮೂವತ್ತೆರಡು ವರ್ಷ ಊರವರ ಬಾಗಿಲು, ಕಿಟಕಿಗಳಿಗೆಲ್ಲ ಎಣ್ಣೆ ಬಣ್ಣ ಬಳಿದು ಬಳಿದು ಆತನಿಗೆ ಎಣ್ಣೆ ಮೇಸ್ತ್ರಿ ಎಂಬ ಹೆಸರೇ ಗಟ್ಟಿಯಾಗಿತ್ತು. ಸ್ವಂತ ಮನೆಯ ಚೌಕಟ್ಟುಗಳು ಮಾತ್ರ ತನ್ನ ಮದುವೆಯ ವರ್ಷ ಬ್ರಷ್ ಕಂಡದ್ದು, ಮತ್ತೆ ಕಂಡಿರಲಿಲ್ಲ. “ಮುಂದಿನ ವಾರ ಮಾಡೋಣ” ಎಂಬುದನ್ನು ಕೇಳಿ ಕೇಳಿ ಹೆಂಡತಿಗೆ ಸಾಕಾಗಿತ್ತು.

ಮಗಳು ಎರಡು ತಿಂಗಳ ಕೂಸಿನೊಂದಿಗೆ ಬರುತ್ತಾಳೆಂದು ಗೊತ್ತಾದದ್ದೇ ತಡ, ಆಕೆ ತಾನೇ ಅಂಗಡಿಗೆ ಹೋಗಿ ನೀರಿನ ಬಣ್ಣದ ಡಬ್ಬಿ ತಂದು ಗಂಡನ ಮುಂದೆ ಕುಕ್ಕಿದಳು.

“ನಿಮ್ಮ ಎಣ್ಣೆ ಬಣ್ಣದ ವಾಸನೆ ವಾರ ಕಳೆದ್ರೂ ಹೋಗಲ್ಲ ರೀ. ಮಗು ಮಲಗೋ ಮನೆ ಇದು.”

“ನೀರಿನ ಬಣ್ಣ ಗೋಡೆಗೆ ಬಳಿಯೋದು ಕಣೇ! ಮರಕ್ಕೆ ಹಚ್ಚಿದ್ರೆ ಬಾಳೆಹಣ್ಣಿನ ಸಿಪ್ಪೆ ಥರ ಸುಲಿದು ಬರುತ್ತೆ.”

“ಬರಲಿ, ನೋಡೇ ಬಿಡೋಣ.”

ಮೇಸ್ತ್ರಿಗೆ ಒಂದು ಕುಯುಕ್ತಿ ಹೊಳೆಯಿತು. ಹಳೆಯ ಎಣ್ಣೆ ಬಣ್ಣದ ನುಣುಪನ್ನು ಉಜ್ಜದೆ ಅದರ ಮೇಲೇ ಬಳಿದರೆ ನೀರಿನ ಬಣ್ಣ ಹಿಡಿಯುವುದಿಲ್ಲ. ಅಡುಗೆಮನೆಯ ಕಿಟಕಿಗೆ ಹಾಗೆಯೇ ಬಳಿದು, ಏನೂ ಅರಿಯದವನಂತೆ ಪೇಪರ್ ಓದುತ್ತ ಕುಳಿತ. ಮರುದಿನ ಆಕೆಯನ್ನು ಕರೆದು ಉಗುರಿನಿಂದ ಕೆರೆದ. ಬಣ್ಣ ಅಂಗೈಯಗಲ ಎದ್ದು ಬಂತು.

“ಹೇಳಿರಲಿಲ್ವಾ ನಾನು?”

ಆಕೆ ಬಗ್ಗಿ ನೋಡಿದಳು. ಅಡಿಯಲ್ಲಿ ಹಳೆಯ ಬಣ್ಣ ಫಳಫಳ ಹೊಳೆಯುತ್ತಿತ್ತು.

“ಉಜ್ಜಿದ್ರಾ?”

ಆತ ಕೆಮ್ಮಿದ.

“ಊಟಕ್ಕೆ ಕೂತಾಗೆಲ್ಲ ನಿಮ್ಮ ಬಾಯಲ್ಲಿ ಇದನ್ನೇ ಕೇಳಿದೀನಿ. ಮೊದಲು ಉಜ್ಜಬೇಕು, ಧೂಳು ಒರೆಸಬೇಕು, ಪ್ರೈಮರ್ ಹಾಕಬೇಕು. ಬೇರೆಯವರ ಮನೇಲೂ ಹೀಗೇ ಮಾಡಿ ಬರ್ತೀರಾ?”

ಆ ಮಾತು ಚುರುಕ್ಕೆಂದಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಕಸುಬಿನ ಮೇಲೆ ಮಾತು ಬಂದದ್ದು ತಡೆಯಲಾಗಲಿಲ್ಲ. ಸ್ಯಾಂಡ್ ಪೇಪರ್ ಹಿಡಿದು ಎರಡು ದಿನ ಎಲ್ಲ ಚೌಕಟ್ಟುಗಳನ್ನೂ ಉಜ್ಜಿದ, ಹುಬ್ಬು ಬೆಳ್ಳಗಾಗುವಷ್ಟು. ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಹಜಾರ ಮುಗಿಯುವಷ್ಟರಲ್ಲಿ ಕೋಣೆಯದು ಒಣಗಿತ್ತು. ಬ್ರಷ್ಷು ತೊಳೆಯಲು ನಲ್ಲಿ ನೀರೇ ಸಾಕಾಯಿತು. ಮೂಗಿಗೆ ವಾಸನೆಯೂ ಬಡಿಯಲಿಲ್ಲ. ಒಳಗೊಳಗೇ ಮೆಚ್ಚಿದ.

“ಮುಂಬಾಗಿಲಿಗೆ ಎಣ್ಣೆ ಬಣ್ಣವೇ ಆಗಬೇಕು,” ಎಂದು ಕೊನೆಗೊಂದು ಪಟ್ಟು ಹಾಕಿದ. “ದಿನಕ್ಕೆ ನೂರು ಕೈ ಬೀಳೋ ಜಾಗ ಅದು.”

“ಹಚ್ಚಿಕೊಳ್ಳಿ. ಮನೆಯೊಳಗೆ ಬೇಡ.”

ಸರಿ, ಸ್ಕ್ರೂ ಬಿಚ್ಚಿ ಬಾಗಿಲನ್ನೇ ಹಿತ್ತಲಿಗೆ ಹೊತ್ತೊಯ್ದ. ಮೋಡ ಕವಿದ ದಿನಗಳು, ಎಣ್ಣೆ ಬಣ್ಣಕ್ಕೆ ಒಣಗುವ ಆತುರವಿರಲಿಲ್ಲ. ಬಾಗಿಲಿಲ್ಲದ ಮನೆ ಬಿಟ್ಟು ಹೋಗುವಂತಿಲ್ಲ, ಹೊಸ್ತಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕುಳಿತ. ಎದುರುಮನೆಯಾಕೆ ಬಾಗಿಲು ತಟ್ಟುವಂತೆ ಆತನ ಭುಜವನ್ನೇ ತಟ್ಟಿ, “ತೆಗೀತೀರಾ ಅಣ್ಣ, ಒಳಗೆ ಬರಬೇಕು” ಎಂದು ನಕ್ಕಳು.

ಮಗಳು ಒಂದು ದಿನ ಮೊದಲೇ ಬಂದಿಳಿದಳು. “ಅಪ್ಪ, ಬಾಗಿಲೆಲ್ಲಿ?”

“ಒಣಗ್ತಿದೆ ಮಗಳೇ. ಒಳಗೆ ಬಾ, ಕಿಟಕಿ ಮುಟ್ಟಿ ನೋಡು, ಹೇಗಿದೆ ಅಂತ!”

“ಯಾವ ಬಣ್ಣ ಅಂತಾನೂ ಹೇಳ್ರೀ!” ಒಳಗಿನಿಂದ ಹೆಂಡತಿ ಕೂಗಿದಳು.

ಆತ ಕೇಳಿಸದವನಂತೆ ಕೂಸನ್ನು ಎತ್ತಿಕೊಂಡು, ಅದು ಯಾರ ಹೋಲಿಕೆ ಎಂದು ಬಹಳ ಹೊತ್ತು ನೋಡುತ್ತ ನಿಂತ.