ಮತಗಟ್ಟೆಗೆ ಹೋದ ಕೋಳಿ

ಮೊನ್ನೆ ಮನೆಗೆ ಬಣ್ಣ ಹೊಡೆಯಲು ಬಂದ ಪೇಂಟರ್ ಬಚ್ಚಲುಮನೆಯ ಬಾಗಿಲ ಮುಂದೆ ನಿಂತು, "ಮೇಡಂ, ಈ ಕಲೆ ಎರಡು ಸಲ ಹೊಡೆದ್ರೂ ಮೇಲಕ್ಕೆ ಬರ್ತದೆ. ಏನಿದು?" ಎಂದ. ಬಾಗಿಲ ಮೇಲೆ ಐದು ನೇರಳೆ ಬೆರಳುಗಳ ಗುರುತು. ಕೋಳಿಯ ಔಷಧಿ ಎಂದೆ. ಅವನು ಮತ್ತೇನೂ ಕೇಳಲಿಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನಾನು ಮದುವೆಯಾಗಿ ಒಂಟಿಕೊಪ್ಪಲಿನ ಈ ಮನೆಗೆ ಬಂದು ಆಗ ಎಂಟು ತಿಂಗಳು. ನಮ್ಮತ್ತೆ ತಾರಸಿಯ ಮೇಲೆ ಮೂರು ಕೆಂಪು ಕೋಳಿ ಸಾಕಿದ್ದರು. ಊರು ಬಿಟ್ಟು ಬರುವಾಗ ಹೊಲವನ್ನು ಹೊತ್ತು ತರಲಾಗದು, ಕೋಳಿಯನ್ನು ತರಬಹುದು ಎಂಬುದು ಅವರ ವಾದ. ಅತ್ತೆ ಕೆಟ್ಟವರಲ್ಲ. ನಾನು ಮಾಡಿದ ಅಡುಗೆಯನ್ನು ಏನೂ ಹೇಳದೆ ಉಣ್ಣುತ್ತಿದ್ದರು, ಅಷ್ಟೆ. ಆ 'ಏನೂ ಹೇಳದೆ' ಇದೆಯಲ್ಲ, ಹೆಬ್ಬಾಳದ ಫ್ಯಾಕ್ಟರಿಯಲ್ಲಿ ನನ್ನ ಸೂಪರ್‌ವೈಸರ್ ಶಿಫ್ಟ್ ಪೂರ್ತಿ ಬೈದರೂ ಅದರ ಸಮಕ್ಕೆ ಬರುತ್ತಿರಲಿಲ್ಲ.

ಹೀಗಿರುವಾಗ ನಮ್ಮಮ್ಮ ನನ್ನನ್ನು ನೋಡಲು ಬಂದವಳು ತವರಿನಿಂದ ಒಂದು ಚುಕ್ಕಿ ಕೋಳಿ ತಂದುಕೊಟ್ಟಳು. ಮೂರನೆಯ ದಿನ ನೋಡಿದರೆ ಕೆಂಪು ಕೋಳಿಗಳು ಅದರ ಬೆನ್ನಿನ ಪುಕ್ಕ ಕಿತ್ತು, ಮಾಂಸ ಕಾಣುವ ಹಾಗೆ ಕುಕ್ಕಿದ್ದವು. ನೀರಿನ ತೊಟ್ಟಿಯ ಸಂದಿಯಲ್ಲಿ ತಲೆ ತೂರಿಸಿ ನಿಂತಿತ್ತು.

"ಇದು ಬದ್ಕಲ್ಲ ಕಣವ್ವ. ಭಾನುವಾರ ಸಾರು ಮಾಡ್ಬುಡವ," ಎಂದರು ಅತ್ತೆ.

ನಾನೇನು ಕೋಳಿ ತಿನ್ನದವಳಲ್ಲ. ಆದರೂ "ಬೇಡ ಅತ್ತೆ," ಎಂದೆ. ಆ ಮನೆಯಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು.

ಕೋಳಿಯನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಆಟೋದಲ್ಲಿ ಪಶುವೈದ್ಯರ ಹತ್ತಿರ ಹೋದೆ. ಗಾಯದ ಕೆಂಪು ಕಂಡರೆ ಉಳಿದವು ಇನ್ನಷ್ಟು ಕುಕ್ಕುತ್ತವೆ, ಈ ನೇರಳೆ ಔಷಧಿ ಹಚ್ಚಿ ಮರೆಮಾಡಿ, ಮಾಯುವವರೆಗೆ ಬೇರೆ ಇಡಿ ಎಂದರು. ಬೇರೆ ಅಂದರೆ ನಮ್ಮನೆಯಲ್ಲಿ ಬಚ್ಚಲುಮನೆ ಒಂದೇ. ನನ್ನ ಗಂಡ ಎರಡು ದಿನ ಸ್ನಾನ ಮಾಡಲಿಲ್ಲ. "ಅದು ನೋಡ್ತದೆ ಕಣೇ," ಎಂದರು. ಕೊನೆಗೆ ಕೋಳಿಯ ಮುಂದೆ ಬಕೆಟ್ ಅಡ್ಡ ಇಟ್ಟುಕೊಟ್ಟೆ.

ಒಂದು ಸಂಜೆ ಶಿಫ್ಟ್ ಮುಗಿಸಿ ಬಂದರೆ, ಅತ್ತೆ ಬಚ್ಚಲ ಮಣೆಯ ಮೇಲೆ ಕೂತು ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಎರಡೂ ಕೈ ನೇರಳೆ; ಬಾಗಿಲ ಮೇಲೂ ಅದೇ ಬಣ್ಣದ ಐದು ಬೆರಳು.

"ಹೊಸ್ದಾಗ್ ಬಂದೋರ್ನ ಕುಕ್ಕೋದು ಅವ್ಕೆ ಚಾಳಿ," ಎಂದು ಕೋಳಿಗೆ ಹೇಳುತ್ತಿದ್ದರು. "ನೀನು ಸುಮ್ನಿದ್ರೆ ಕುಕ್ತಾನೇ ಇರ್ತವೆ." ತಲೆಯೆತ್ತಿ ನನ್ನನ್ನು ಕಂಡು, ಮತ್ತೆ ಔಷಧಿಯ ಬಾಟಲಿ ನೋಡತೊಡಗಿದರು.

ಆ ವಾರವೇ ಚುನಾವಣೆ. ಅತ್ತೆ ಎಂದೂ ವೋಟು ತಪ್ಪಿಸಿದವರಲ್ಲ. ನನ್ನ ಹೆಸರು ಇನ್ನೂ ತವರಿನ ಪಟ್ಟಿಯಲ್ಲೇ ಇತ್ತು; ಅತ್ತೆಗೆ ಆಸರೆಗೆಂದು ಜೊತೆಗೆ ಹೋದೆ, ಒಳಗೂ ಬಿಟ್ಟರು. ಶಾಯಿ ಹಾಕುವ ಹುಡುಗಿ ಅತ್ತೆಯ ಕೈ ನೋಡಿ ಕಡ್ಡಿಯನ್ನು ಹಿಂದಕ್ಕೆಳೆದುಕೊಂಡಳು.

"ಅಜ್ಜಿ, ಆಗ್ಲೇ ವೋಟ್ ಹಾಕಿದ್ದೀರಲ್ಲ."

"ಹತ್ತು ಬೆರಳ್ಗೂ ಅಂಟ್ಕಂಡದೆ. ಹತ್ತು ವೋಟು ಹಾಕಿದ್ದೀನಾ? ಕೋಳಿ ಔಷ್ದಿ ಕಣವ್ವ ಇದು."

ಅಧಿಕಾರಿ ಎದ್ದು ಬಂದರು. ಪಟ್ಟಿಯಲ್ಲಿ ಅತ್ತೆಯ ಹೆಸರಿನ ಮುಂದೆ ಗುರುತಿರಲಿಲ್ಲ. ಆದರೆ ಬೆರಳಲ್ಲಿ ಬೇಕಾದಷ್ಟಿತ್ತು. ಸಾಕ್ಷಿ ಹೇಳಲು ಹೋದ ನನ್ನ ಕೈಯೂ ನೇರಳೆ. "ಕೋಳಿಗೆ ಹಚ್ಚಿದ್ದು ಅಂತ ಹೆಂಗ್ರೀ ನಂಬೋದು?" ಎಂದರು. ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. ನನಗೆ ನೋಡಲಾಗಲಿಲ್ಲ. ಮನೆಗೆ ಓಡಿದೆ.

ಕೋಳಿಯ ಚೀಲದೊಡನೆ ಬಂದಾಗ ಗೇಟಿನ ಪೊಲೀಸಿನವರು ಇಣುಕಿ, "ಪಟ್ಟೀಲಿ ಹೆಸರಿಲ್ದೋರ್ನ ಒಳಗೆ ಬಿಡಲ್ಲಮ್ಮ," ಎಂದರು, ಸ್ವಲ್ಪವೂ ನಗದೆ. ಅಧಿಕಾರಿಯೇ ಅತ್ತೆಯನ್ನು ಕರೆದುಕೊಂಡು ಗೇಟಿಗೆ ಬಂದರು. ಅತ್ತೆಯ ಕೈಯನ್ನು ಕೋಳಿಯ ಬೆನ್ನ ಪಕ್ಕ ಹಿಡಿಸಿ, ಕನ್ನಡಕ ಹಣೆಗೇರಿಸಿ ಹೋಲಿಸಿದರು. ಎರಡು ಪಕ್ಷದ ಏಜೆಂಟರೂ ಬಂದು ಬಗ್ಗಿ ನೋಡಿದರು. "ಒಂದೇ ಬಣ್ಣ ಸಾರ್," ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಆ ದಿನ ಅವರು ಒಪ್ಪಿದ ಸಂಗತಿ ಅದೊಂದೇ ಇರಬೇಕು. ಶಾಯಿಯ ಹುಡುಗಿ ಬಹಳ ಹೊತ್ತು ಹುಡುಕಿ, ಒಂದು ಉಗುರಿನ ಬುಡದಲ್ಲಿ ಕಡ್ಡಿಯಷ್ಟು ಖಾಲಿ ಜಾಗ ಕಂಡುಹಿಡಿದಳು.

ವೋಟು ಹಾಕಿ ಹೊರಬಂದ ಅತ್ತೆ ದಾರಿಯುದ್ದಕ್ಕೂ ನನ್ನನ್ನು ಬೈದರು. "ಗಾಯದ ಕೋಳೀನ ಈ ಬಿಸ್ಲಲ್ಲಿ ತಂದ್ಯಲ್ಲ, ಬುದ್ಧಿ ಅದ್ಯಾ ನಿಂಗೆ? ಮನೆ ಬಾಗ್ಲಾದ್ರೂ ಹಾಕ್ದ್ಯಾ?" ಹಾಕಿರಲಿಲ್ಲ. ಅದಕ್ಕೂ ಬೈದರು. ಎಂಟು ತಿಂಗಳಲ್ಲಿ ಅವರು ಬಾಯ್ತುಂಬ ಬೈದದ್ದು ಅದೇ ಮೊದಲು. ಚೀಲ ಎದೆಗವಚಿಕೊಂಡು, ನಗು ಕಾಣದಂತೆ ಮುಖ ತಿರುಗಿಸಿ ನಡೆದೆ.

ಮೂರು ವಾರಕ್ಕೆ ಗಾಯ ಮಾಯಿತು, ಪುಕ್ಕ ಮೊಳೆಯಿತು. ತಾರಸಿಗೆ ಬಿಟ್ಟ ದಿನ ಚುಕ್ಕಿ ನೆಟ್ಟಗೆ ಹೋಗಿ ದೊಡ್ಡ ಕೆಂಪು ಕೋಳಿಯ ತಲೆಗೆ ಕುಕ್ಕಿ, ಕಾಳಿಗೆ ಬಾಯಿ ಹಾಕಿತು.

ಇದೆಲ್ಲ ಆಗಿ ವರ್ಷಗಳಾದವು. ಹೋದ ತಿಂಗಳು ಮೈದುನನ ಮದುವೆಯಾಗಿ, ಹೊಸ ಹುಡುಗಿ ಮನೆಗೆ ಬಂದಿದ್ದಾಳೆ. ನಿನ್ನೆ ಅವಳ ಮೊದಲ ಅಡುಗೆ. ಬರೀ ಉಪ್ಪು-ಖಾರದ ಉಪ್ಸಾರಿಗೆ ಬೆಲ್ಲ ಹಾಕಿದ್ದಳು. ನಾನು ಏನೂ ಹೇಳದೆ ಉಣ್ಣತೊಡಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅತ್ತೆ ನನ್ನನ್ನು ಮೊಣಕೈಯಿಂದ ತಿವಿದು, "ಬಾಯ್ಬುಟ್ಟು ಹೇಳ್ಬುಡೇ," ಎಂದು ಪಿಸುಗುಟ್ಟಿದರು.

"ಉಪ್ಸಾರಿಗೆ ಬೆಲ್ಲ ಯಾರಮ್ಮ ಹಾಕ್ತಾರೆ?" ಎಂದೆ.

"ನಮ್ಮನೇಲಿ ಹಾಕ್ತೀವಿ ಅಕ್ಕ," ಎಂದಳು ಹುಡುಗಿ. "ರುಚಿ ನಿಧಾನಕ್ಕೆ ಗೊತ್ತಾಗ್ತದೆ."

ಅತ್ತೆ ನನ್ನ ಕಡೆ ನೋಡದೆ, ಇನ್ನೊಂದು ಸೌಟು ಹಾಕಿಸಿಕೊಂಡರು.