ಪೂಜೆಯಾದ ಪೆನ್ ಡ್ರೈವ್

ನಮ್ಮ ಮನೆಯಲ್ಲಿ ಭಾವನವರ ಎದುರು ನಾನು ಮಾತಾಡುವುದಿಲ್ಲ. ಭಾವನವರೆಂದರೆ ನನ್ನ ಗಂಡನ ಅಣ್ಣ. ಅವರು ಪಡಸಾಲೆಗೆ ಬಂದರೆ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಗೆ ಸರಿಯಬೇಕು. ಅವರಿಗೆ ಏನಾದರೂ ಹೇಳುವುದಿದ್ದರೆ ಗಂಡನಿಗೆ ಹೇಳಬೇಕು, ಗಂಡ ಹೋಗಿ ಅಣ್ಣನಿಗೆ ಹೇಳಬೇಕು. ಉತ್ತರವೂ ಅದೇ ದಾರಿಯಲ್ಲಿ ವಾಪಸು ಬರಬೇಕು. ಮದುವೆಯಾಗಿ ಬನಹಟ್ಟಿಗೆ ಬಂದ ಹೊಸದರಲ್ಲೇ ಅತ್ತೆ ಇದನ್ನು ಹೇಳಿಕೊಟ್ಟಿದ್ದರು. ನನಗೆ ಆಗ ನಗು ಬರುತ್ತಿತ್ತು. ಒಳಗಿನಿಂದ ನಾನು "ಸಾರಿಗೆ ಉಪ್ಪು ಕಡಿಮಿ ಆಗಿದ್ರ ಹೇಳಬೇಕಂತ" ಎಂದು ಕಳಿಸಿದ ಮಾತು ಹೊರಗೆ ಮುಟ್ಟುವಾಗ "ಸಾರು ಛಲೋ ಆಗೈತಲ್ಲಣ್ಣಾ?" ಎಂದಾಗಿರುತ್ತಿತ್ತು. ನನ್ನ ಗಂಡನ ಬಾಯಲ್ಲಿ ಯಾವ ಮಾತೂ ಅಣ್ಣನಿಗೆ ಚುಚ್ಚದಂತೆ ಮೊಂಡಾಗಿಯೇ ಹೊರಬರುತ್ತದೆ. ಸಾರಿನ ವಿಷಯವಾದ್ದರಿಂದ ಯಾರ ಗಂಟೂ ಹೋಗಲಿಲ್ಲ.

ನಮ್ಮದು ಪವರ್‌ಲೂಮ್ ನಡೆಸುವ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಮಗ್ಗಗಳು, ಪಡಸಾಲೆಯ ಮೂಲೆಯಲ್ಲಿ ನನ್ನ ಕಂಪ್ಯೂಟರ್. ಸೀರೆಯ ಅಂಚು, ಸೆರಗಿನ ಡಿಸೈನ್ ತೆಗೆಯುವುದು ನನ್ನ ಕೆಲಸ. ನಾನು ಹುಟ್ಟಿದ್ದು ಬೀಳಗಿಯಲ್ಲಿ. ಮದುವೆಗೆ ಮುಂಚೆ ಬಸ್ಸಿನಲ್ಲಿ ಜಮಖಂಡಿಗೆ ಹೋಗಿಬಂದು ಕಂಪ್ಯೂಟರ್ ಕ್ಲಾಸ್ ಮುಗಿಸಿದ್ದೆ, ಡಿಸೈನ್ ತೆಗೆಯುವುದನ್ನು ಇಲ್ಲಿಗೆ ಬಂದು ಕಲಿತೆ. ತೆಗೆದದ್ದನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟರೆ ಅದನ್ನು ಮಗ್ಗದ ತಲೆಯ ಮೇಲಿನ ಯಂತ್ರಕ್ಕೆ ಹಚ್ಚುತ್ತಾರೆ. ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂಬುದನ್ನು ಅದು ಓದಿಕೊಳ್ಳುತ್ತದೆ. ನನ್ನ ಬಳ್ಳಿ, ನನ್ನ ನವಿಲು, ನನ್ನ ಮಾವಿನಕಾಯಿ ಮಂದಿಯ ಮದುವೆ ಮುಂಜಿಗಳಲ್ಲೆಲ್ಲ ತಿರುಗಾಡಿ ಬಂದಿವೆ. ಆದರೆ ಹೇಳುವಾಗ ಅದು "ಶೆಡ್ಡಿನ ಡಿಸೈನ್". ತೆಗೆದವಳು ಯಾರೆಂದು ಯಾರೂ ಕೇಳಲಿಲ್ಲ, ಗಂಡನಾದ ಇವರೂ ಹೇಳಲಿಲ್ಲ.

ಕೇಳಿದವರು ಒಬ್ಬರೇ, ರಬಕವಿಯ ಒಬ್ಬ ಸೀರೆ ವ್ಯಾಪಾರಿ. ಹೋದ ವರ್ಷ ದಸರೆಗೆ ಸ್ವಲ್ಪ ಮುಂಚೆ ನಮ್ಮಲ್ಲಿಗೆ ಬಂದಿದ್ದರು. ಸೀರೆಯೊಂದರ ಅಂಚನ್ನು ಬೆರಳಿನಿಂದ ಸವರುತ್ತ, "ಇದನ್ನ ತಗದವರು ಯಾರ್ರಿ?" ಎಂದರು. ಚಹಾ ಇಟ್ಟು ಹಿಂದೆ ಸರಿಯುತ್ತಿದ್ದ ನನ್ನ ಕಾಲು ಅಲ್ಲೇ ನಿಂತಿತು. ಇವರು ತಡವರಿಸಿ ನನ್ನ ಕಡೆ ಕೈ ಮಾಡಿದರು. ವ್ಯಾಪಾರಿ ನನ್ನನ್ನೇ ನೋಡಿ ಹೇಳಿದರು: "ಹಬ್ಬ ಆದಮ್ಯಾಲ ಬರ್ತೇನಿ ತಂಗಿ. ನೇಯದ ಇಟ್ಟ ಡಿಸೈನ್ ಎಷ್ಟ ಅದಾವ ಎಲ್ಲಾ ತೋರಸು. ಮನಸ್ಸಿಗೆ ಬಂದ್ರ ಇನ್ನ ಮ್ಯಾಲ ನಮ್ಮ ಸೀರಿ ಡಿಸೈನ್ ಎಲ್ಲಾ ನೀನೇ ತಗಿ, ನಿನ್ನ ಹೆಸರಲೇ ಹೋಗಲಿ."

ನನ್ನ ಹೆಸರಿನಲ್ಲೇ! ಆ ಮಾತನ್ನು ರೊಟ್ಟಿ ಬಡಿಯುವಾಗ ಒಳಗೊಳಗೇ ಎಷ್ಟು ಸಲ ಹೇಳಿಕೊಂಡೆನೋ. ನೇಯದೆ ಇಟ್ಟ ಡಿಸೈನ್‌ಗಳು ನನ್ನಲ್ಲಿ ಸಾಕಷ್ಟಿದ್ದವು. ಶೆಡ್ಡಿಗೆ ಬೇಕಾದ್ದನ್ನು ಕೊಟ್ಟು, ಮನಸ್ಸಿಗೆ ಬಂದದ್ದನ್ನು ನನಗಾಗಿ ತೆಗೆದಿಟ್ಟಿದ್ದೆ. ವರ್ಷಗಳ ಕೆಲಸ ಅದು. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಪೆನ್ ಡ್ರೈವಿನಲ್ಲಿ ಇನ್ನೊಂದು ಪ್ರತಿ.

ಆದರೆ ವ್ಯಾಪಾರಿಯ ಮಗ್ಗಗಳು ಹೊಸವು. ಅವಕ್ಕೆ ಬೇಕಾದ ಸಾಫ್ಟ್‌ವೇರ್ ನನ್ನ ಕಂಪ್ಯೂಟರಿನ ಹಳೇ ವಿಂಡೋಸ್‌ನಲ್ಲಿ ನಡೆಯುತ್ತಿರಲಿಲ್ಲ. ಹೊಸ ವಿಂಡೋಸ್ ಹಾಕಬೇಕಿತ್ತು. ಅದೇನು ಗುಡ್ಡ ಕಡಿಯುವ ಕೆಲಸವಲ್ಲ. ವಿಂಡೋಸ್ ಫೈಲನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳಬೇಕು, ಒಂದು ಖಾಲಿ ಪೆನ್ ಡ್ರೈವ್ ಹಚ್ಚಬೇಕು, ಫೈಲನ್ನು ಅದರ ಮೇಲೆ ಬರೆಯುವ ಸಣ್ಣ ಪ್ರೋಗ್ರಾಮಿಗೆ ಎರಡನ್ನೂ ತೋರಿಸಬೇಕು. ಪೆನ್ ಡ್ರೈವ್ ಬೂಟಬಲ್ ಆಗುತ್ತದೆ. ಅಂದರೆ ಕಂಪ್ಯೂಟರ್ ತನ್ನೊಳಗಿನ ಹಳೆಯದನ್ನು ಬಿಟ್ಟು ಆ ಪೆನ್ ಡ್ರೈವಿನಿಂದಲೇ ಶುರುವಾಗಿ, ಹೊಸದನ್ನು ತನ್ನೊಳಗೆ ಹಾಕಿಕೊಳ್ಳುತ್ತದೆ. ಎಚ್ಚರ ಇರಬೇಕಾದ್ದು ಎರಡು ಕಡೆ. ಬರೆಯುವ ಮುಂಚೆ ಪೆನ್ ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಾಕುವಾಗ ಕಂಪ್ಯೂಟರಿನ ಯಾವ ಖಾನೆ ಅಳಿಸಲಿ ಎಂದು ಕೇಳುತ್ತದೆ. ವಿಂಡೋಸ್ ಇರುವ ಸಿ ಖಾನೆಯನ್ನಷ್ಟೇ ಅಳಿಸಿ, ನಮ್ಮ ಸಾಮಾನು ಇರುವ ಡಿ ಖಾನೆಯನ್ನು ಮುಟ್ಟದೆ ಬಿಡಬೇಕು. ಜಮಖಂಡಿಯ ಕ್ಲಾಸಿನಲ್ಲಿ ಇದನ್ನು ನನ್ನ ಕೈಯಾರೆ ಮಾಡಿದ್ದೆ. "ಒಂದ ಖಾಲಿ ಪೆನ್ ಡ್ರೈವ್ ತಂದ ಕೊಡ್ರಿ, ನಾನೇ ಮಾಡ್ತೇನಿ" ಎಂದು ಇವರಿಗೆ ಹೇಳಿದೆ.

"ತಡಿ, ಹಬ್ಬಕ್ಕ ಅಣ್ಣ ಬರ್ತಾನ. ಅವನ್ನ ಕೇಳೂಣು" ಎಂದರು.

ಭಾವನವರು ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕೂರುತ್ತಾರೆ ಎಂದಷ್ಟೇ ನಾನು ಹೇಳಬಲ್ಲೆ. ನಮ್ಮ ಓಣಿಯಲ್ಲಿ ಮಾತ್ರ ಅವರು ಕಂಪ್ಯೂಟರನ್ನು ಕಂಡುಹಿಡಿದವರ ಹಾಗೆ ಓಡಾಡುತ್ತಾರೆ.

ಖಂಡೇನವಮಿ ಬಂತು, ಆಯುಧಪೂಜೆಯ ದಿನ. ಆ ದಿನ ಬನಹಟ್ಟಿಯಲ್ಲಿ ಮಗ್ಗದ ಸದ್ದೇ ಇರುವುದಿಲ್ಲ, ಕಿವಿಗೆ ಏನೋ ಕಳೆದುಹೋದಂತೆ ಆಗುತ್ತದೆ. ಲಾಳಿಯೊಳಗಿನ ನೂಲು ತೆಗೆದು, ಎಣ್ಣೆ ಒರೆಸಿ, ಕತ್ತರಿ, ಪಾನಾ ಎಲ್ಲ ತೊಳೆದು ದೇವರ ಜಗಲಿಯ ಮೇಲೆ ಸಾಲಾಗಿ ಇಡುತ್ತಾರೆ. ಪೂಜೆಗೆ ಇಡುವ ಉಪಕರಣದಲ್ಲಿ ಅರ್ಧ ಕೆಲಸ ಉಳಿದಿರಬಾರದು, ಖಾಲಿ ಮಾಡಿಯೇ ಇಡಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಎಲ್ಲರದೂ ಇಟ್ಟಾದ ಮೇಲೆ ನಾನು ನನ್ನ ಪೆನ್ ಡ್ರೈವ್ ತಂದೆ. "ಇದೇನ ಬೇ?" ಎಂದರು ಅತ್ತೆ. "ನನ್ನ ಲಾಳಿ ಇದ ಅತ್ತಿ" ಎಂದೆ. ಅವರಿಗೆ ನಗು ಬಂತು, ಇಡು ಎಂದರು. ನನ್ನದನ್ನು ನಾನು ಖಾಲಿ ಮಾಡಲಿಲ್ಲ. ನನ್ನ ಕೆಲಸವೆಲ್ಲ ಇದ್ದದ್ದೇ ಅದರೊಳಗೆ. ದೇವರಿಗೆ ತೋರಿಸಬೇಕಾದ್ದೂ ಅದೇ ಎನ್ನಿಸಿತು. ಈ ಮನೆಗೆ ಬಂದು ಮೊದಲ ಸಲ ನನ್ನ ಕೆಲಸದ ಸಾಮಾನಿಗೂ ಗಂಡಸರ ಸಾಮಾನಿನ ಪಕ್ಕದಲ್ಲಿ ಕುಂಕುಮ ಬಿತ್ತು. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ದಶಮಿ. ಪೂಜೆ ಕದಲಿಸಿದ ಮೇಲೆ ಭಾವನವರು ಅಂಗಿಯ ತೋಳು ಮಡಚಿ ನನ್ನ ಕಂಪ್ಯೂಟರಿನ ಮುಂದೆ ಕುಳಿತರು. "ನಾ ಮನ್ಯಾಗ ಇರೂಮುಂದ ಹೊರಗಿನವರು ಯಾಕೋ ತಮ್ಮಾ? ಹೋಳಿಗಿ ಆಗೂದ್ರಾಗ ಹೊಸಾ ವಿಂಡೋಸ್ ಕುಂದರಸ್ತೇನಿ" ಎಂದರು. ಇವರು ಓಡಿಬಂದು ಒಳಗೆ ಹೂರಣ ರುಬ್ಬುತ್ತಿದ್ದ ನನಗೆ ಶುಭ ಸುದ್ದಿ ಹೇಳಿದರು.

"ಡಿ ಡ್ರೈವ್ ಮುಟ್ಟಬ್ಯಾಡ್ರಿ ಅಂತ ಹೇಳ್ರಿ. ನನ್ನ ಡಿಸೈನ್ ಎಲ್ಲಾ ಅದರಾಗ ಅದಾವ. ಸಿ ಅಷ್ಟ ಅಳಸ್ರಿ ಅನ್ರಿ" ಎಂದೆ.

ಇವರು ಹೊರಗೆ ಹೋದರು. ನಾನು ಮಿಕ್ಸಿ ನಿಲ್ಲಿಸಿ ಕಿವಿಗೊಟ್ಟೆ. "ಅಣ್ಣಾ, ಒಂಚೂರು ಜ್ವಾಕಿಲೇ ಮಾಡು" ಎಂದದ್ದು ಕೇಳಿಸಿತು. ಅಷ್ಟೇ. ವಾಪಸು ಬಂದು "ಹೇಳೇನಿ" ಎಂದರು.

"ಡಿ ಅನ್ನೂ ಮಾತ ನಿಮ್ಮ ಬಾಯಾಗ ಬರಲೇ ಇಲ್ಲಲ್ರಿ!"

"ಅಣ್ಣಗ ನಾ ಕಲಸೂದೇನ? ಆಫೀಸಿನ್ಯಾಗ ದಿನಾ ಅದನ್ನ ಮಾಡ್ತಾನ. ನೀ ಹೋಳಿಗಿ ನೋಡು."

ಅಡುಗೆಮನೆಯ ಬಾಗಿಲಿಗೂ ಕಂಪ್ಯೂಟರಿಗೂ ನಡುವೆ ಎಷ್ಟು ದೂರ? ಒಂದು ಕಂಬ, ಒಂದು ಚಾಪೆ. ದಾಟಿ ಹೋಗಿ ಹೇಳಿದ್ದರೆ ಕೆಲಸ ಮುಗಿದಿತ್ತು. ಆದರೆ ಪೆನ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇದೆಯಲ್ಲ, ಹಾಳಾದರೆ ಅದರಿಂದ ತೆಗೆದುಕೊಳ್ಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾವನವರು ತಮ್ಮ ಪೆನ್ ಡ್ರೈವ್ ತಂದಿರುತ್ತಾರೆ ಎಂದೇ ತಿಳಿದಿದ್ದೆ. ಮತ್ತೆ ಮಿಕ್ಸಿ ಹಚ್ಚಿದೆ. ಆ ಸದ್ದಿನಲ್ಲಿ ಹೊರಗಿನ ಮಾತು ಕೇಳಿಸಲಿಲ್ಲ.

ಊಟ ಬಡಿಸುವ ಹೊತ್ತಿಗೆ ಭಾವನವರು "ನೋಡ್ರಿ, ಕಂಪ್ಯೂಟರ್ ಕರೇನ ಹೊಸಾದಾತು" ಎಂದು ಕೈ ತೊಳೆದರು. ತುಪ್ಪ ಹಾಕಿಸಿಕೊಂಡು ಹೋಳಿಗೆ ತಿಂದರು. ಅವರು ಎಲೆ ಅಡಿಕೆ ಹಾಕಿಕೊಂಡು ಕಟ್ಟೆಗೆ ಹೋದ ಮೇಲೆ ನಾನು ಕಂಪ್ಯೂಟರ್ ಮುಂದೆ ಬಂದೆ. ಹೊಳೆಯುವ ಹೊಸ ಪರದೆ. ಡಿ ಖಾನೆಯೇ ಇಲ್ಲ. ಇರುವುದು ಒಂದೇ ಖಾನೆ, ಅದೂ ಖಾಲಿ. ಆಗಲಿ ಎಂದು ಹಲ್ಲು ಕಚ್ಚಿ ಜಗಲಿಗೆ ಹೋದೆ. ಲಾಳಿ ಇತ್ತು, ಕತ್ತರಿ ಇತ್ತು. ಪೆನ್ ಡ್ರೈವ್ ಇಟ್ಟ ಜಾಗದಲ್ಲಿ ಕುಂಕುಮ ಮಾತ್ರ ಇತ್ತು. ತಿರುಗಿ ನೋಡಿದರೆ ಅದು ಕಂಪ್ಯೂಟರಿನಲ್ಲೇ ಚುಚ್ಚಿಕೊಂಡು ನಿಂತಿದೆ, ಮೈಮೇಲೆ ಅರಿಷಿಣ. ತೆರೆದೆ. ವಿಂಡೋಸ್ ಫೈಲುಗಳು. ನನ್ನದು ಒಂದೂ ಇಲ್ಲ.

ಇವರನ್ನು ಒಳಗೆ ಕರೆದು ಕೇಳಿದೆ. ಇವರು ಹೋಗಿ ಅಣ್ಣನನ್ನು ಕರೆತಂದರು. ಪಡಸಾಲೆಯಲ್ಲಿ ನಿಂತು ಭಾವನವರು ತಮ್ಮನಿಗೆ ಹೇಳುವ ಹಾಗೆ ನನಗೆ ಕೇಳಿಸಿದರು: "ಖಾಲಿ ಪೆನ್ ಡ್ರೈವ್ ಇರಲಿಲ್ಲ, ಹಬ್ಬಕ್ಕ ಅಂಗಡಿ ಎಲ್ಲಾ ಬಂದ್. ಜಗಲಿ ಮ್ಯಾಲಿಂದು ತಗೊಂಡೆ. ಪೂಜಾ ಆಗಿದ್ದು, ಅದರಲೇ ಹಾಕಿದ್ರ ಕಂಪ್ಯೂಟರಿಗೆ ಛಲೋ. ಪೂಜಾಕ್ಕ ಇಟ್ಟಿದ್ದು ಅಂದ್ರ ಖಾಲಿ ಇರತೈತಿ ಅಂತ ತಿಳದೆ. ಹಚ್ಚಿದಮ್ಯಾಲ ನೋಡಿದ್ರ ಅದರಾಗ ಹೂವು ಬಳ್ಳಿ ಏನೇನೋ ಇದ್ದೂವು. ಎಲ್ಲಾ ಅಳಸ್ತೇನಿ ಅಂತ ಕೇಳ್ತು, ಹೂಂ ಅಂದೆ. ಹೆಂಗೂ ಕಂಪ್ಯೂಟರ್‌ದಾಗ ಇರ್ತಾವಲ್ಲ?"

"ಮತ್ತ ಕಂಪ್ಯೂಟರ್‌ದಾಗಿಂದು ಯಾಕ ಅಳಸ್ದಿ ಅಣ್ಣಾ?" ಎಂದರು ಇವರು, ಬಹಳ ಮೆತ್ತಗೆ.

"ಪೂರಾ ಸ್ವಚ್ಛ ಮಾಡಿದ್ರ ಜೋರ ಓಡತೈತಿ. ಹೆಂಗೂ ಪೆನ್ ಡ್ರೈವ್‌ದಾಗ ನೋಡಿದ್ನಲ್ಲ, ಅದಾವ ಅಂದ್ಕೊಂಡೆ."

ಆಗ ನನಗೆ ಬಾಗಿಲು ಕಾಣಿಸಲಿಲ್ಲ, ಸೆರಗೂ ನೆನಪಾಗಲಿಲ್ಲ. ನೇರ ಅವರ ಮುಂದೆ ಬಂದು ನಿಂತೆ. "ಪೆನ್ ಡ್ರೈವ್ ಅಳಸೂಮುಂದ ಕಂಪ್ಯೂಟರ್‌ದಾಗ ಅದಾವ ಅಂದ್ರಿ. ಕಂಪ್ಯೂಟರ್ ಅಳಸೂಮುಂದ ಪೆನ್ ಡ್ರೈವ್‌ದಾಗ ಅದಾವ ಅಂದ್ರಿ. ನಾ ಒಳಗ ಜೀವಂತ ಇದ್ನಲ್ರಿ? ಒಂದ ಮಾತ ನನ್ನ ಕೇಳಾಕ ಏನಾಗಿತ್ತು?"

ಭಾವನವರು ಗೋಡೆ ನೋಡಿದರು. ಮೊದಲು ಬಾಯಿ ಬಿಟ್ಟದ್ದು ಅತ್ತೆ: "ಏನ ಬೇ! ತಲಿ ಮ್ಯಾಲ ಸೆರಗಿಲ್ಲ, ಭಾವನ ಮುಂದ ನಿಂತು ಬಾಯಿ ಮಾಡ್ತಿ?"

ಮುಗಿಯಿತು. ಅಲ್ಲಿಂದ ಮುಂದೆ ಡಿಸೈನ್ ವಿಷಯ ಯಾರೂ ಎತ್ತಲಿಲ್ಲ. ಸೊಸೆ ಬಾಯಿ ತೆಗೆದದ್ದೇ ಆ ದಿನದ ಸುದ್ದಿಯಾಯಿತು. ಭಾವನವರು ಮುಖ ಸಣ್ಣದು ಮಾಡಿಕೊಂಡು ಕುಳಿತರು, ಎಲ್ಲರೂ ಅವರನ್ನೇ ಸಮಾಧಾನ ಮಾಡಿದರು. ಸಂಜೆ ಬನ್ನಿ ಕೊಡುವ ಹೊತ್ತು. ಚಿಕ್ಕವರು ಹಿರಿಯರ ಕಾಲಿಗೆ ಬಿದ್ದು ಬನ್ನಿ ಎಲೆ ತೆಗೆದುಕೊಳ್ಳಬೇಕು. ಅತ್ತೆ ನನ್ನ ಬೆನ್ನಿಗೆ ಕೈ ಇಟ್ಟು ಮುಂದೆ ದೂಡಿದರು. ಬಿದ್ದೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಭಾವನವರು ನನ್ನ ಕೈಗೆ ಎಲೆ ಹಾಕಿದರು. ಕ್ಷಮಿಸಿದ್ದೇನೆ ಎನ್ನುವ ದನಿ ಅದು.

ಹಬ್ಬ ಮುಗಿದ ಮೇಲೆ ಇವರು ಕಂಪ್ಯೂಟರನ್ನು ಜಮಖಂಡಿಯ ರಿಪೇರಿ ಅಂಗಡಿಗೆ ಒಯ್ದರು. ಮೇಲೆ ಹೊಸದು ಬರೆದುಬಿಟ್ಟಿದ್ದರಿಂದ ಚೂರುಪಾರು ಸಿಕ್ಕಿತು. ಅರ್ಧ ನವಿಲು, ಬುಡವಿಲ್ಲದ ಒಂದು ಬಳ್ಳಿ. ಅವನ್ನು ಇಟ್ಟುಕೊಂಡು ಏನು ಮಾಡಲಿ?

ವ್ಯಾಪಾರಿ ಹೇಳಿದ ಹಾಗೇ ಬಂದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಇದ್ದದ್ದನ್ನು ಇದ್ದಂತೆ ಹೇಳಿ, ಸ್ವಲ್ಪ ಸಮಯ ಕೇಳಬೇಕು, ಮತ್ತೆ ತೆಗೆದು ತೋರಿಸುತ್ತೇನೆ ಎನ್ನಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ. ಟ್ರೇ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಗಂಡನ ದನಿ ಕೇಳಿಸಿತು.

"ಏನ ಹೇಳೂದ್ರಿ, ವಿಂಡೋಸ್ ಹಾಕೂಮುಂದ ಅಕಿ ಕೈಲೇ ತಪ್ಪಾಗಿ ಎಲ್ಲಾ ಅಳಸಿ ಹೋದೂವು."

ವ್ಯಾಪಾರಿ ಲೊಚಗುಟ್ಟಿದರು. "ತನ್ನವನ್ನ ಜ್ವಾಕಿ ಮಾಡಲಾರದಾಕಿ ನಮ್ಮವನ್ನ ಹೆಂಗ ಜ್ವಾಕಿ ಮಾಡ್ಯಾಳ್ರಿ? ಹೋಗಲಿ ಬಿಡ್ರಿ" ಎಂದರು. ನಾನು ಟ್ರೇ ಇಟ್ಟೆ. ಬಾಯಿ ತೆಗೆದರೆ ಏನಾಗುತ್ತದೆ ಎಂದು ದಶಮಿಯ ದಿನವೇ ನೋಡಿ ಆಗಿತ್ತು. ವ್ಯಾಪಾರಿ ಈ ಸಲ ನನ್ನ ಕಡೆ ನೋಡಲಿಲ್ಲ. ಚಹಾ ಕುಡಿದು ಎದ್ದರು.

"ಯಾಕ ಹಂಗಂದ್ರಿ?" ಎಂದು ಇವರನ್ನು ಕೇಳಿದೆ.

"ಮತ್ತೇನ ಅನ್ನಲಿ? ಅಣ್ಣ ಅಳಸ್ಯಾನ ಅಂದ್ರ ಊರಾಗ ಅವನ ಮರ್ಯಾದಿ ಏನ ಉಳೀತಿತ್ತು?"

"ನನ್ನ ಮರ್ಯಾದಿ?"

"ನಿಂದೇನ ಹೋತು? ನೀ ಮನ್ಯಾಗ ಇರಾಕಿ" ಎಂದರು. ಬೈದು ಹೇಳಲಿಲ್ಲ, ಬಹಳ ಪ್ರೀತಿಯಿಂದಲೇ ಹೇಳಿದರು.

ಆ ಪೆನ್ ಡ್ರೈವ್ ಇನ್ನೂ ಬೂಟಬಲ್ ಆಗಿಯೇ ಇದೆ. ಓಣಿಯಲ್ಲಿ ಯಾರದಾದರೂ ಕಂಪ್ಯೂಟರ್ ಕೆಟ್ಟರೆ "ನಿಮ್ಮ ಪೂಜಾ ಮಾಡಿದ ಪೆನ್ ಡ್ರೈವ್ ಕೊಡ್ರಿ" ಎಂದು ಬರುತ್ತಾರೆ. ಅದು ಕೈಗುಣ ಇರುವ ಪೆನ್ ಡ್ರೈವ್ ಅಂತೆ, ಭಾವನವರದು ಒಳ್ಳೇ ಕೈ ಅಂತೆ. ಈ ಸಲದ ಖಂಡೇನವಮಿಗೆ ಅತ್ತೆಯೇ ನೆನಪು ಮಾಡಿ "ಅದನ್ನೂ ಇಡವಾ" ಎಂದರು. ಲಾಳಿಯ ಪಕ್ಕ ಇಟ್ಟೆ. ಈಗ ಪದ್ಧತಿಯ ಪ್ರಕಾರವೇ ಇದೆ, ಅದರಲ್ಲಿ ನನ್ನದೇನೂ ಇಲ್ಲ.

ಅಲ್ಲೇ ನಿಂತಿದ್ದ ಇವರು ತಗ್ಗಿದ ದನಿಯಲ್ಲಿ ಕೇಳಿದರು: "ಮತ್ತ ತಗ್ಯಾಕ ಹತ್ತಿ ಅಂತ ಗೊತ್ತೈತಿ. ಹೊಸಾ ಡಿಸೈನ್ ಎಲ್ಲಾ ಎಲ್ಲಿ ಇಟ್ಟಿ?"

ಕುಂಕುಮದ ಬಟ್ಟಲು ಮುಚ್ಚಿಟ್ಟು ಹೇಳಿದೆ, "ನಿಮ್ಮ ಅಣ್ಣಾರನ್ನ ಕೇಳ್ರಿ."